ಎಂಟನೇ ಬೆಡ್ಡಿನವರು

ಹಳೇ ಹುಬ್ಬಳ್ಳಿ
೧೨-೧೨-೨೦೨೪, ಗುರುವಾರ ಸಂಜೆ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಬೂಟು ಕಚ್ಚಿದ ಗಾಯ ಒಣಗಿತೇ? ತರಬೇತಿಯಲ್ಲಿ ನಿಮ್ಮ ಮೊಬೈಲ್ ಕಸಿದುಕೊಂಡವರಿಗೆ ನನ್ನ ಶಾಪವೂ ಇದೆ, ಥ್ಯಾಂಕ್ಸೂ ಇದೆ. ಇಲ್ಲದಿದ್ದರೆ ಮದುವೆಯಾದ ನಲವತ್ತೊಂದನೇ ದಿನ ನಾನು ಪತ್ರ ಬರೆಯುತ್ತಿದ್ದೆನೇ? ಅದೂ ಕನ್ನಡದಲ್ಲಿ! ತಪ್ಪಿದ್ದರೆ ನಗಬೇಡಿ. ನಿಮ್ಮ ಅಕ್ಕವ್ವಜ್ಜಿ ಆರಾಮ ಇದ್ದಾರೆ. ನಿಮ್ಮ ಹೆಸರು ನನ್ನ ಬಾಯಿಗೆ ಬಂದರೆ ಸಾಕು, "ಗಂಡನ ಹೆಸರ ಹಂಗ ಒದರಬಾರದವಾ, ಒಡಪು ಹಾಕಿ ಹೇಳು" ಎಂದು ತಡೆಯುತ್ತಾರೆ. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಹೆಸರನ್ನು ಪದ್ಯದೊಳಗೆ ಬಚ್ಚಿಡುವ ಈ ಆಟ ಎಷ್ಟು ಹಿಡಿಸಿದೆ ಎಂದರೆ, ಯಾರೂ ಇಲ್ಲದಾಗಲೂ ನಾಚಿಕೊಳ್ಳುತ್ತೇನೆ.

ಇವತ್ತು ಮಾತ್ರ ಸಾಕುಸಾಕಾಗಿದೆ. ಬೆಳಿಗ್ಗೆ ಎಂಟೂವರೆಗೆ ನಮ್ಮ ಲ್ಯಾಬಿನಲ್ಲಿ ಒಬ್ಬರ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು ಕಂಡಿತು. ಸುಳ್ಳ ಊರಿನ ಟ್ರ್ಯಾಕ್ಟರ್ ಡ್ರೈವರ್, ನಿಮ್ಮದೇ ಹೆಸರು. ಇಂಥದ್ದನ್ನು ಕೂಡಲೇ ವಾರ್ಡಿಗೆ ಫೋನ್ ಮಾಡಿ, ರೋಗಿಯ ಹೆಸರು ಹೇಳಿ, ಅವರಿಂದ ತಿರುಗಿ ಹೇಳಿಸಿಕೊಳ್ಳಬೇಕು. ಪಕ್ಕದಲ್ಲಿ ಗೆಳತಿಯರು ಕಿಸಿಕಿಸಿ ನಗುತ್ತಿದ್ದರು. ನಾನೂ ನಕ್ಕು, ಫೋನಿನಲ್ಲಿ "ಎಂಟನೇ ಬೆಡ್ಡಿನವರು" ಎಂದೆ. "ಹೆಸರ ಏನ್ರಿ?" ಎಂದರು ವಾರ್ಡಿನ ಅಂಬಾಬಾಯಿ ಸಿಸ್ಟರ್. "ಎಂಟನೇ ಬೆಡ್ ಅಂದ್ನೆಲ್ರಿ" ಎಂದು ಫೋನಿಟ್ಟೆ. ಅವನನ್ನು ಅಷ್ಟರಲ್ಲಿ ಹದಿನಾಲ್ಕಕ್ಕೆ ಸರಿಸಿದ್ದರು. ಡಾಕ್ಟರು ಎಂಟಕ್ಕೆ ಹೋದರೆ ಅಲ್ಲಿದ್ದವನಿಗೆ ಜ್ವರವೇ ಇಲ್ಲ. ಲ್ಯಾಬಿನವರದೇ ಗೊಂದಲವಿರಬೇಕು, ಇನ್ನೊಮ್ಮೆ ರಕ್ತ ಕಳಿಸಿ ಎಂದು ನಡೆದರಂತೆ.

ಎರಡು ಗಂಟೆಗೆ ಕಿಟಕಿಯಲ್ಲಿ ಒಬ್ಬ ಹೆಣ್ಣುಮಗಳು. ಅವನ ಹೆಂಡತಿ ರತ್ನವ್ವ. "ಯಲ್ಲೇಶಂದು ರಿಪೋರ್ಟ್ ಬಂತೇನ್ರಿ ಬಾಯಾರ? ಹದಿನಾಲ್ಕನೇ ಬೆಡ್ ರೀ. ಮೈ ಕೆಂಡ ಆಗೇತಿ, ಏನೇನರ ಬಡಬಡಸಾಕತ್ತಾನ." ಗಂಡನ ಹೆಸರು ಅಷ್ಟು ಸಲೀಸಾಗಿ! ನಾನು ಪೆದ್ದಿಯ ಹಾಗೆ ಅವಳ ಮುಖ ನೋಡಿದೆ. "ಹೆಸರ ಹೇಳದಿದ್ರ ಯಾರ್ ಹುಡುಕಿ ಕೊಡ್ತಾರ್ರಿ?" ಎಂದಳು. ಮೆಟ್ಟಿಲು ಇಳಿದು ವಾರ್ಡಿಗೆ ಓಡಿದೆ. ಸರಿಯಾದ ಇಂಜೆಕ್ಷನ್ ಶುರುವಾದಾಗ ಮೂರು ಗಂಟೆ.

ಕಾಲೂ ಸೋತಿವೆ, ತಲೆಯೂ ಸೋತಿದೆ. ಅಜ್ಜಿ ರೊಟ್ಟಿ ಬಡಿದಿಟ್ಟು ಕರೆಯುತ್ತಿದ್ದಾರೆ. ನಿಮಗೆ ಅವರ ಆಶೀರ್ವಾದ, ನನ್ನದು ಉಳಿದದ್ದೆಲ್ಲ. ಹೊಟ್ಟೆ ತುಂಬ ಉಣ್ಣಿ.

ನಿಮ್ಮ
ಕರುಣಾ

ತಾ.ಕ.: ಯಲ್ಲೇಶ, ರತ್ನವ್ವನ ಗಂಡ ಈಗ ಐಸಿಯುನಲ್ಲಿದ್ದಾರೆ, ನಾಳೆಯವರೆಗೆ ಏನೂ ಹೇಳಲಾಗದಂತೆ. ತಡವಾದದ್ದು ಅಂಬಾಬಾಯಿ ಸಿಸ್ಟರ್‌ರಿಂದ ಎಂದು ಆಸ್ಪತ್ರೆಯವರು ಬರೆದ ಕಾಗದ ನನ್ನ ಸಹಿಗೆ ಬಂದಿದೆ. ಅವರು ಹೆಸರು ಕೇಳಿದ್ದರು, ನಾನೇ ಹೇಳಲಿಲ್ಲ. ಬೆಳಿಗ್ಗೆ ಹಾಗೆಂದೇ ಬರೆದು ಕೊಡುತ್ತೇನೆ. ಕೆಲಸ ಹೋದರೂ ಹೋಗಬಹುದು. ಅದಕ್ಕೂ ಮೊದಲು ರತ್ನವ್ವನಿಗೆ ಹೇಳಬೇಕು. ಆ ಮಾತಿಗೆ ನನ್ನ ಕನ್ನಡ ಸಾಲುತ್ತಿಲ್ಲ.