ಕೂಗಲಾರದವರ ಆಡಿಸುಮಂಚ

ವಿಜಯಪುರ, ಫೆಬ್ರವರಿ ೩೦, ೨೧೮೭

ನಮಗಿಂತ ಹಿಂದಿನವರಾದ ನಿಮಗೆ,

ನಿಮ್ಮ ಕಾಲದಲ್ಲಿ ಈ ತಾರೀಖು ಇರಲಿಲ್ಲ. ತಿಂಗಳುಗಳನ್ನು ಸರಿಸಮ ಮಾಡಿದ ಮೇಲೆ ಬಂದದ್ದು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ.

ಕಳೆದ ಚಳಿಗಾಲದಲ್ಲಿ ನನ್ನ ಗಂಡ ಸಂಗಮನಾಥರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಆಸ್ಪತ್ರೆಯವರು ಆಡಿಸುಮಂಚ ಕೊಟ್ಟು ಮನೆಗೆ ಕಳಿಸಿದರು. ರೋಗಿಯನ್ನು ಮಗ್ಗುಲು ಹೊರಳಿಸಿ, ಮೈ ಒರೆಸಿ, ಕೀಲು ಬಿಗಿಯದಂತೆ ಕೈಕಾಲು ಮಡಿಸಿ ಚಾಚುವ ಯಂತ್ರವದು. ರೋಗಿಯನ್ನು ಮನುಷ್ಯರು ಮುಟ್ಟುವ ರೂಢಿ ನನ್ನ ಅಜ್ಜಿಯ ಕಾಲಕ್ಕೇ ನಿಂತುಹೋಗಿದೆ. ನೋವಾಗಿ ರೋಗಿ ಕೂಗಿದರೆ ಮಂಚ ನಿಲ್ಲುತ್ತದೆ. ಇವರಿಗೆ ಕೂಗಲು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಂಚ ಅವರ ಬಲತೋಳನ್ನು ತಲೆಯ ಮೇಲಕ್ಕೆ ಎಳೆಯುತ್ತಿತ್ತು. ಅವರ ಮುಖ ನೋಡಿದೆ. ಎಡಗೈ ಹೊದಿಕೆಯನ್ನು ಹಿಂಡುತ್ತಿತ್ತು, ಕಣ್ಣಿಂದ ನೀರು ಕಿವಿಗೆ ಹರಿಯುತ್ತಿತ್ತು. ಗುಂಡಿ ಒತ್ತಿ ನಿಲ್ಲಿಸಿದೆ. ತೋಳು ಇಳಿದಾಗ ಭುಜದ ಕೆಳಗೆ ಗುಳಿ ಬಿದ್ದದ್ದು ಕಂಡಿತು.

ಮಗಳು ಮುಕ್ತಾ ಬಾಗಿಲಲ್ಲೇ ನಿಂತಳು. "ಮುಟ್ಟಬ್ಯಾಡವ್ವಾ! ಎಲುಬು ಮುರದ್ರ ಏನ್ ಮಾಡ್ತಿ?"

"ಬಿಟ್ರ ಈ ಮಂಚಾನ ಮುರೀತದ," ಎಂದೆ.

ಪರದೆಯಲ್ಲಿ ಬಂದ ಡಾಕ್ಟರು ಭುಜದ ಕೀಲು ಸಡಿಲಾಗಿ ಜಾರಿದೆ ಎಂದರು. ತೋಳಿನಡಿ ದಿಂಬು ಕೊಡಿ, ಬೇರೆ ಮಂಚ ಕಳಿಸುತ್ತೇವೆ ಎಂದರು. ಅದನ್ನು ಕೇಳಿದ್ದೇ ಇವರು ನನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದರು. ಬಿಡಲೇ ಇಲ್ಲ.

"ಮಂಚ ಬ್ಯಾಡ್ರೀ," ಎಂದೆ. "ನಾವ ಮಾಡ್ತೀವಿ. ಹ್ಯಾಂಗಂತ ಹೇಳ್ರಿ."

ಡಾಕ್ಟರು ಹಳೆಯ ಪಾಠಗಳನ್ನು ಹುಡುಕಿ ಹೇಳಿಕೊಟ್ಟರು. ಕೈ ಹಿಡಿದು ಎಳೆಯಬಾರದು. ಮೊಣಕೈಗೂ ಮಣಿಕಟ್ಟಿಗೂ ಆಸರೆ ಕೊಟ್ಟು ನಿಧಾನವಾಗಿ ಎತ್ತಬೇಕು, ನೋವು ಕಂಡಲ್ಲಿ ನಿಲ್ಲಿಸಬೇಕು. ಮೊದಲ ಸಲ ಆ ತೋಳು ಹಿಡಿದಾಗ ಅದರ ಭಾರಕ್ಕೇ ಹೆದರಿದೆ. ಮುಕ್ತಾ ತಲೆದಿಂಬಿನ ಬಳಿ ಬಗ್ಗಿ, "ಅಪ್ಪಾ, ನೋವಾದ್ರ ಕಣ್ಣು ಮುಚ್ಚು," ಎಂದಳು. ಅವರು ಮುಚ್ಚಿದರು. ನಾನು ಎತ್ತುವುದನ್ನು ನಿಲ್ಲಿಸಿದೆ. ಆಮೇಲೆ ತೆರೆದರು.

ಹಿಮ್ಮಡಿಯ ಕೆಂಪು ಕಲೆ ಹುಣ್ಣಾದೀತೆಂದು ದಿನವೂ ಹೆದರಿ ಮಗ್ಗುಲು ಬದಲಿಸಿದೆವು; ಅದು ಮಾಸಿತು. ಬಿಗಿದ ಬೆರಳುಗಳನ್ನು ಈಗ ಬಿಡಿಸಬಹುದು. ಭುಜ ಮೊದಲಿನಂತಾಗಿಲ್ಲ.

ನಿಮ್ಮ ಕೈಗಳಿಗೆ ಈ ಕೆಲಸ ಇನ್ನೂ ಗೊತ್ತಿದೆ. ಯಂತ್ರ ಬಂದರೂ ಮರೆಯಬೇಡಿ, ಮಕ್ಕಳಿಗೆ ಕಲಿಸಿ.

ಇನ್ನು ಬರೆಯಲಾರೆ. ಪಕ್ಕದ ಮನೆಯ ಮಂಚ ಬೆಳಗಿನಿಂದ ಸದ್ದು ಮಾಡುತ್ತಿದೆ. ಅದರ ಮೇಲಿರುವ ಕಾಶಮ್ಮನಿಗೂ ಮಾತು ಹೋಗಿದೆ. ಹೋಗಿ ಆಕೆಯ ಮುಖ ನೋಡಬೇಕು.

ನೀಲಾಂಬಿಕೆ