ಯೆಲ್ಕಾಳ ಕೋಣೆಯ ಕಿಟಕಿ

ಸ್ಮೆಡೆರೆವೊ
೧೪ ನವೆಂಬರ್ ೨೦೧೧

ಪ್ರೀತಿಯ ತಿಹೋಮಿರ್,

ನಿನ್ನ ಸೊಂಟನೋವು ಹೇಗಿದೆ? ಹಡಗಿನಲ್ಲಿ ಬರೀ ಡಬ್ಬಿಯ ಮಾಂಸ ತಿಂದು ದಿನ ತಳ್ಳಬೇಡ, ಬಿಸಿಯಾಗಿ ಏನಾದರೂ ಕುಡಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನನ್ನ ಮಾತು ಹಿಡಿಸದಾಗಲೆಲ್ಲ ನಿನಗೆ ಡ್ಯಾನ್ಯೂಬಿನ ಮೇಲೆ ಸಿಗ್ನಲ್ ಹೋಗಿಬಿಡುತ್ತದೆ. ಅದಕ್ಕೇ ಈ ಕಾಗದ.

ನಿನ್ನ ಅಮ್ಮ ಇಷ್ಟರಲ್ಲಿ ನನ್ನ ಮೇಲೆ ದೂರು ಹೇಳಿರುತ್ತಾರೆ. ನಿಜ, ಕಿಟಕಿ ತೆಗೆದವಳು ನಾನೇ. ಕಳೆದ ಮಂಗಳವಾರ ಬೆಳಿಗ್ಗೆ ಅತ್ತೆ ಪಕ್ಕದ ಮನೆಯ ಸಾವ್ಕಾ ಜೊತೆ ಕಾಫಿಗೆ ಕೂತಿದ್ದರು. ಇಬ್ಬರ ಕೈಯಲ್ಲೂ ಸಿಗರೇಟು, ಗಾಳಿ ನುಗ್ಗದಂತೆ ಕಿಟಕಿಗಳ ಸಂದಿಗೆಲ್ಲ ತುರುಕಿದ ಟವೆಲು. ಯೆಲ್ಕಾ ಕೆಮ್ಮುತ್ತ ಕೆಮ್ಮುತ್ತ ಉಸಿರಿಗೆ ಒದ್ದಾಡತೊಡಗಿದಳು. ಆರು ವರ್ಷದ ಮಗುವಿನ ತುಟಿ ನೀಲಿಗಟ್ಟಿತು. ಅತ್ತೆ ಓಡಿಬಂದು ಮಾಡಿದ್ದೇನು ಗೊತ್ತೇ? ರಾಕಿಯಾ ಸಾರಾಯಿಯಲ್ಲಿ ಅದ್ದಿದ ಕಾಲುಚೀಲ ತೊಡಿಸಿ, ಬಾಗಿಲನ್ನೂ ಮುಚ್ಚಿದರು. “ನಿನ್ನೆ ಒದ್ದೆ ತಲೇಲಿ ಅಂಗಳಕ್ಕೆ ಬಿಟ್ಯಲ್ಲ, ಗಾಳಿ ಹೊಡೀತು ಮಗೂಗೆ” ಎಂದು ಬೈಗುಳ ನನಗೆ. ನಾನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಮಾಸ್ಕ್ ಹಾಕಿ ಔಷಧಿ ಕೊಟ್ಟ ಮೇಲೆ ಅವಳ ಎದೆ ಹಗುರಾಯಿತು. ಉಬ್ಬಸವಂತೆ. “ಮನೆ ಒಳಗೆ ಯಾರೂ ಸೇದ್ಬಾರ್ದು. ದಿನಾ ಎರಡು ಹೊತ್ತು ಕಿಟಕಿ ತೆಗೀರಿ. ಗಾಳಿಯಿಂದ ಯಾರೂ ಸಾಯಲ್ಲಮ್ಮ” ಎಂದರು. ಹೇಳುತ್ತಲೇ ತಮ್ಮ ಕೋಣೆಯ ಕಿಟಕಿಯನ್ನೂ ತೆಗೆದರು, ಆದರೆ ಮೊದಲು ಕುತ್ತಿಗೆಯ ಶಾಲು ಬಿಗಿ ಮಾಡಿಕೊಂಡರು. ಅವರೂ ಗಾಳಿಗೆ ಹೆದರುವ ಇದೇ ಊರಿನವರಲ್ಲವೇ.

ಮನೆಗೆ ಬಂದವಳೇ ಟವೆಲುಗಳನ್ನೆಲ್ಲ ಕಿತ್ತು ನೆಲ ಒರೆಸಲು ಹಾಕಿದೆ. ಅತ್ತೆ ಮುಚ್ಚುತ್ತಾರೆ, ನಾನು ತೆಗೆಯುತ್ತೇನೆ. ಏಳನೆಯ ಸಲ ಯೆಲ್ಕಾಳ ಕೋಣೆಯ ಕಿಟಕಿಯ ಹಿಡಿಯನ್ನೇ ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಈಗ ಅವರು ಉಣ್ಣೆಯ ಟೊಪ್ಪಿ ಹಾಕಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಸೇದುತ್ತಾರೆ. “ನನ್ನ ಮನೇಲಿ ನನಗೇ ಜಾಗ ಇಲ್ಲ” ಎಂದರು. “ನಿಮಗಿದೆ ಅತ್ತೆ, ಹೊಗೆಗಿಲ್ಲ” ಎಂದೆ. ಅವರ ಕಾಫಿಯನ್ನು ಅಲ್ಲಿಗೇ ಒಯ್ದು ಕೊಟ್ಟೆ, ಪಾಪ ಅನ್ನಿಸಿತು. ಸಂತ ನಿಕೋಲಾನ ಹಬ್ಬಕ್ಕೆ ಬರುವ ಮೂವತ್ತು ಜನ ನೆಂಟರೂ ಈ ಸಲ ಅಂಗಳದಲ್ಲೇ ಸೇದಬೇಕು. “ಹಬ್ಬಕ್ಕೆ ಬಂದೋರನ್ನ ಚಳೀಗೆ ಅಟ್ತೀಯಾ, ಊರು ಏನನ್ನುತ್ತೆ?” ಎಂದು ಅತ್ತೆ ಅತ್ತರು. ಊರು ಏನಾದರೂ ಅಂದುಕೊಳ್ಳಲಿ. ಮಗುವಿನ ತುಟಿ ನೀಲಿಯಾದದ್ದನ್ನು ಊರು ನೋಡಿಲ್ಲ, ನಾನು ನೋಡಿದ್ದೇನೆ. ನಾಲ್ಕು ದಿನದಿಂದ ಅವಳು ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿಲ್ಲ.

ಯೆಲ್ಕಾಳ ಮುತ್ತು, ನಿನ್ನ ಅಮ್ಮನ ಮುನಿಸು, ಎರಡನ್ನೂ ಇದರೊಳಗಿಟ್ಟು ಕಳಿಸುತ್ತಿದ್ದೇನೆ.

ನಿನ್ನ
ರುಜಿತ್ಸಾ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಮನೆಯಲ್ಲಿ ಸೇದುವವರು ಯಾರು ಎಂದು ಡಾಕ್ಟರು ಕೇಳಿದಾಗ ನಾನು ಅತ್ತೆಯ ಹೆಸರೊಂದನ್ನೇ ಹೇಳಿದೆ. ಯೆಲ್ಕಾ ಮಾಸ್ಕ್ ಸರಿಸಿ, “ಅಪ್ಪನೂ ಸೇದ್ತಾರೆ, ನನ್ನ ಮಂಚದ ಮೇಲೆ ಕೂತು ಕಥೆ ಹೇಳ್ತಾ” ಎಂದಳು. ನಾನು ತಲೆ ತಗ್ಗಿಸಿದೆ. ಹಬ್ಬಕ್ಕೆ ಬರುವಾಗ ಸಿಗರೇಟನ್ನು ಹಡಗಿನಲ್ಲೇ ಬಿಟ್ಟು ಬಾ. ಆಗದಿದ್ದರೆ ನೀನೂ ಅಲ್ಲೇ ಇರು, ಕಥೆ ನಾನೇ ಹೇಳುತ್ತೇನೆ.