ಬಜೆಟ್ಟಿನಲ್ಲಿ ಇಲ್ಲದ ಹೆಸರು

ಅಪ್ಪಾ,

ನಿಮ್ಮ ಗಂಗೂ ಸೊರಡಿಯಿಂದ ಬರೆಯುತ್ತಿದ್ದೇನೆ. ಗಂಡನ ಮನೆಗೆ ಬಂದ ಹೊಸತರಲ್ಲಿ ನಾನು ಬರೆದ ಕಾಗದಗಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದು ಹೊಳ್ಳಿ ಕಳಿಸುತ್ತಿದ್ದಿರಲ್ಲ, ಆಗ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಈಗ ಅಂಥ ಒಂದು ಗೆರೆಗಾಗಿ ಜೀವ ಹಂಬಲಿಸುತ್ತದೆ. ತಪ್ಪಿದ್ದರೆ ಇರಲಿ, ಓದಿಕೊಳ್ಳಿ.

ತಿಕೋಂಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೀವು ಮುಂಬೈ ಸರಕಾರದ ಬಜೆಟ್ ಓದುತ್ತಿದ್ದುದು ನೆನಪಿದೆಯೇ? ವಿಜಾಪುರದಿಂದ ಬರುವಷ್ಟರಲ್ಲಿ ಪತ್ರಿಕೆ ಎರಡು ದಿನ ಹಳತಾಗಿರುತ್ತಿತ್ತು. ನಮ್ಮ ಜತ್ತ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದ ಮರುವರ್ಷವೇ ನೀವು ನಿವೃತ್ತರಾಗಿದ್ದಿರಿ. ಸಂಸ್ಥಾನದ ಹಳೆಯ ಮಾಸ್ತರರ ಪಿಂಚಣಿಗೆ ಹೊಸ ಸರಕಾರ ಏನಾದರೂ ಎತ್ತಿಟ್ಟಿದೆಯೇ ಎಂದು ಸಾಲು ಸಾಲಿಗೂ ಬೆರಳಿಡುತ್ತಿದ್ದಿರಿ. ಆಣೆಕಟ್ಟು ಇರುತ್ತಿತ್ತು, ರಸ್ತೆ ಇರುತ್ತಿತ್ತು, ಪೊಲೀಸರಿರುತ್ತಿದ್ದರು.

“ರಾಜ್ಯ ಬಿಟ್ಟ ಅರಸರಿಗೆ ತನಖಾ ಐತಿ, ರಾಜ್ಯದಾಗ ಅಕ್ಷರ ಕಲಿಸಿದವಗ ಏನೂ ಇಲ್ಲ” ಎಂದು ನಗುತ್ತಿದ್ದಿರಿ.

ಒಳಗಿನಿಂದ ಅವ್ವ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು: “ಅದರಾಗ ನಿಮ್ಮ ಹೆಸರು ಬಂದೈತೇನ್ರಿ?”

“ಬಜೆಟ್ಟಿನ್ಯಾಗ ಯಾರ ಹೆಸರೂ ಬರೂದಿಲ್ಲ. ನೀನರ ಒಮ್ಮೆ ನನ್ನ ಹೆಸರು ಹೇಳು, ಕೇಳೂನು.”

“ಸರಕಾರ ಹೇಳಲಿ ಮೊದಲ. ಆಮ್ಯಾಲ ನಾ ಹೇಳ್ತೀನಿ.”

ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ ಅವ್ವ. ನಾನು ಚೊಚ್ಚಲ ಬಸುರಿಯಾದಾಗ ಮಾಡಿದ ಕುಬಸದ ದಿನ ಅವಳ ಓರಗೆಯವರೆಲ್ಲ ಸುತ್ತುಗಟ್ಟಿ, ಹೆಸರು ಹೇಳೆಂದು ಜಗ್ಗಾಡಿದರೂ “ನಮ್ಮ ಮಾಸ್ತರು” ಎಂದು ಹೇಳಿ ತಪ್ಪಿಸಿಕೊಂಡಳು. ನೀವು ಬಾಗಿಲಲ್ಲಿ ನಿಂತು ನಗುತ್ತಿದ್ದಿರಿ.

ಸಂಸ್ಥಾನದವರಿಗೂ ಪಿಂಚಣಿ ಕೊಡುತ್ತಾರೆಂಬ ಸುದ್ದಿ ಕೊನೆಗೊಮ್ಮೆ ಬಂತು. ನಾನು ತವರಿಗೆ ಬಂದಿದ್ದಾಗಲೇ ಒಗೆದ ಧೋತರ ಉಟ್ಟು ನೀವು ಜತ್ತಕ್ಕೆ ಹೋದಿರಿ. ಸಂಜೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅಂಗಳದಲ್ಲೇ ನಿಂತಿರಿ. ದರಿಬಡಚಿ ಶಾಲೆಯ ನಿಮ್ಮ ಮೊದಲ ಐದು ವರ್ಷದ ದಫ್ತರವನ್ನು ಗೆದ್ದಲು ತಿಂದಿತ್ತಂತೆ. ಆ ಐದು ವರ್ಷ ಬಿಟ್ಟರೆ ಪಿಂಚಣಿಗೆ ಬೇಕಾದಷ್ಟು ಸೇವೆ ತುಂಬುವುದಿಲ್ಲವಂತೆ.

“ರೊಕ್ಕ ಕೊಡೂದಿಲ್ಲ ಅಂದ್ರ ಹ್ವಾಗ್ಲಿ. ನಾ ಅಲ್ಲಿ ಕಲಿಸೇ ಇಲ್ಲ ಅಂತಾರಲ್ಲ, ಗಂಗೂ...”

ಒಂದು ದಾರಿ ಆಗಲೇ ನನಗೆ ಹೊಳೆದಿತ್ತು. ಶಾಲೆ ಬಿಡುವ ಪ್ರತಿ ಹುಡುಗನಿಗೂ ನೀವೇ ದಾಖಲೆ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಿದ್ದಿರಿ. ಅವು ಮನೆಗಳಲ್ಲಿ ಇರಲೇಬೇಕು, ಹೋಗಿ ಕೇಳಿ ತರುತ್ತೇನೆ ಎಂದೆ. ನೀವು ಕೆಂಡವಾದಿರಿ. “ಕಲಿತವರ ಬಾಗಲಾ ತಟ್ಟಿ, ನಮ್ಮಪ್ಪ ಕಲಿಸ್ಯಾನ ಅಂತ ಹೇಳ್ರಿ ಅಂತ ಬೇಡ್ತೀಯೇನು? ಹೋದಿ ಅಂದ್ರ ನನ್ನ ಆಣಿ!” ನಾನು ಹೋಗಲಿಲ್ಲ. ಹಟ ಮಾಡಬೇಕಾದ ಹೊತ್ತಿನಲ್ಲೇ ನಿಮ್ಮ ಮಾತು ಕೇಳಿದೆನಲ್ಲ, ಅದಕ್ಕೆ ನನ್ನನ್ನು ನಾನು ಹೇಗೆ ಕ್ಷಮಿಸಲಿ? ಇನ್ನೂ ಎರಡು ವರ್ಷ ನೀವಿದ್ದಿರಿ. ಆಗಲೇ ಹೋಗಿದ್ದರೆ...

ನೀವು ಹೋದ ಮೇಲೆ ಮಾತಾಡಿಸಲು ಬಂದವರಲ್ಲಿ ದರಿಬಡಚಿಯ ಬೀರಪ್ಪನೂ ಇದ್ದ. ನಿಮ್ಮ ಮೊದಲ ವರ್ಷದ ಹುಡುಗ, ಈಗ ಮೊಮ್ಮಕ್ಕಳನ್ನು ಕಂಡವ, ಕುರಿ ಹಿಂಡಿನ ಹಿಂದೆ ಊರೂರು ತಿರುಗುವವ. ಪಿಂಚಣಿಯ ಮಾತು ಕಿವಿಗೆ ಬಿದ್ದದ್ದೇ ತಡ, ಕಂಬಳಿಯೊಳಗಿನಿಂದ ಒಂದು ಬಿದಿರಿನ ಕೊಳವೆ ತೆಗೆದ. ಒಳಗೆ ಸುರುಳಿ ಸುತ್ತಿದ ದಾಖಲೆ.

“ಹೊರಗಿನ ಊರಾಗ ಕಳ್ಳ ಅಂತ ತಡದ್ರ ಇದನ್ನ ತೋರಸ್ತೀನ್ರಿ ಅಕ್ಕಾರ. ಮಾಸ್ತರ ಸಹಿ ನೋಡಿ ಬಿಡ್ತಾರ” ಎಂದ. ಆಮೇಲೆ ಕಣ್ಣೊರೆಸಿಕೊಂಡ. “ಅವರಿಗೇ ಬೇಕಾಗಿತ್ತಂದ್ರ ಒಂದ ಮಾತು ಹೇಳಬಾರದಿತ್ತೇನ್ರಿ?”

ನಿಮ್ಮ ಆಣೆಯನ್ನು ಮುರಿದೆ, ಅಪ್ಪಾ. ಬೀರಪ್ಪನ ಜೊತೆ ಮನೆ ಮನೆಗೆ ಹೋದೆ. ಎಲ್ಲಿಯೂ ಬೇಡಬೇಕಾಗಲಿಲ್ಲ. ಟ್ರಂಕಿನ ತಳದಿಂದ, ದೇವರ ಜಗಲಿಯ ಹಿಂದಿನಿಂದ ಅವರೇ ತೆಗೆದುಕೊಟ್ಟರು. ಮೊದಲ ವರ್ಷದ ಸಹಿ ಎಷ್ಟು ದುಂಡಗಿತ್ತು, ಎಷ್ಟು ಹೆದರಿಕೊಂಡು ಬರೆದಂತಿತ್ತು! ಐದನೆಯ ವರ್ಷಕ್ಕೆ ನಮಗೆ ಗೊತ್ತಿರುವ ಆ ಅವಸರದ ಸಹಿಯಾಗಿತ್ತು. ಐದೂ ವರ್ಷ ನನ್ನ ಕೈಯಲ್ಲಿದ್ದವು. ಅವನ್ನೆಲ್ಲ ಜತ್ತದ ಕಚೇರಿಗೆ ಒಯ್ದು ಕೊಟ್ಟೆ.

ಹೋದ ತಿಂಗಳು ಹುಕುಂ ಬಂತು. ನೀವಿದ್ದ ದಿನಗಳ ಪಿಂಚಣಿ ಮಾತ್ರ ಅವ್ವನ ಕೈಗೆ. ಮುಂದಿನದು ನಿಮ್ಮೊಂದಿಗೇ ಮುಗಿಯಿತಂತೆ. ಮುಂದಿನ ಚಿಂತೆ ನಿಮಗೆ ಬೇಡ, ಅವ್ವ ನನ್ನ ಹತ್ತಿರವೇ ಇರುತ್ತಾಳೆ. ಅವಳನ್ನು ಕರೆದುಕೊಂಡು ಜತ್ತಕ್ಕೆ ಹೋಗಿದ್ದೆ. ಕಾರಕೂನ ತಲೆ ಎತ್ತದೆ ಕೇಳಿದ: “ಗಂಡನ ಹೆಸರೇನ್ರಿ, ಅಜ್ಜಿ?”

ಅವಳು ಹೇಳುವುದಿಲ್ಲವೆಂದು ನಾನೇ ಬಾಯಿ ತೆರೆದೆ. ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು.

“ಆ ಸರಕಾರಿ ಕಾಗದದಾಗ ಅವರ ಹೆಸರು ಐತೇನ್ರಿ?”

“ಐತ್ರಿ.”

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಪಡಸಾಲೆಯಲ್ಲಿ ಕುಳಿತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

“ಗುರುಬಸಪ್ಪ ಮಾಸ್ತರ. ದರಿಬಡಚಿಯಾಗ ಐದ ವರ್ಷ ಕಲಿಸ್ಯಾರ.”